ಪೂರ್ವಕ್ಕೆ ಎಳೆದ ನೂಲು

ನನ್ನ ತಂಗಿ ನೀಲಾಂಬಿಕೆ ಶಿವನ ಪಾದ ಸೇರಿದಳೆಂಬ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಒಬ್ಬ ಮದುಮಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಫೋನು ಮಾಡಿದವಳು ಜೈತೂನ್ ಬಿ. ನೂಲು ಬಿಚ್ಚುವ ಕಸುಬಿನ ಹೆಂಗಸು; ನೀಲಳ ಜೊತೆಗೆ ಬೆಟ್ಟದ ಆಚೆಯ ದೊಡ್ಡ ಊರಿಗೆ ಹೋಗಿದ್ದಳು. "ಯಜಮಾನ್ರೇ, ಮೊದ್ಲು ಕೂತ್ಕೊಳ್ಳಿ. ಕೂತ್ರಾ?" ಎಂದಳು. ಕೂತೆ. "ನೀಲಮ್ಮಾರು ಹೋಗ್ಬಿಟ್ರು. ಎದೆ ನಿಂತೋಯ್ತಂತೆ. ಟೀ ಕುಡೀತಾ ಕುಡೀತಾನೇ ಹೋದ್ರು. ಕೈಲಿದ್ದ ಲೋಟಾನೂ ಕೆಳಗೆ ಬೀಳ್ಲಿಲ್ಲ." ಅಷ್ಟು ಹೇಳಿ ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಬಲಗೈಯ ಮಣಿಕಟ್ಟನ್ನು ನೋಡಿಕೊಂಡೆ. ಅಲ್ಲಿ ಕಟ್ಟಿದ್ದ ರೇಷ್ಮೆ ನೂಲಿನ ತುದಿ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಪೂರ್ವದ ಬೆಟ್ಟದ ಕಡೆಗೆ ಚಾಚಿ ನಿಂತಿತ್ತು. ಸಾವು ನೂಲಿಗೆ ತಿಳಿಯುವುದಿಲ್ಲ. ಮದುಮಗಳ ತಾಯಿ ನನ್ನ ಮುಖ ನೋಡಿ ಏನೋ ಅರಿತು, ಸೀರೆಗಳನ್ನು ತಾನೇ ಮಡಿಸಿಟ್ಟು, ಮಗಳನ್ನು ಕರೆದುಕೊಂಡು ಸದ್ದಿಲ್ಲದೆ ಮೆಟ್ಟಿಲಿಳಿದು ಹೋದಳು.

ನಮ್ಮೂರಿನ ಹುಳು ಕಟ್ಟಿದ ಗೂಡಿನಿಂದ ಬಿಚ್ಚಿದ ನೂಲನ್ನು ತುಂಡು ಮಾಡಿದರೆ ಒಂದು ತುಂಡು ಇನ್ನೊಂದರ ಕಡೆಗೆ ವಾಲುತ್ತದೆ. ಒಂದೇ ಪೆಟ್ಟಿಗೆಯಲ್ಲಿಟ್ಟರೆ ಬೆಳಗಾಗುವುದರೊಳಗೆ ಎರಡೂ ಕೂಡಿಕೊಂಡಿರುತ್ತವೆ. ದೂರವಿದ್ದರೆ ಆ ದಿಕ್ಕಿಗೆ ಎಳೆಯುತ್ತಿರುತ್ತವೆ, ಅಷ್ಟೆ. ಒಂದನ್ನು ಸುಟ್ಟರೆ ಇನ್ನೊಂದು ಬಿಗಿ ಕಳೆದುಕೊಂಡು ಜೋತುಬೀಳುತ್ತದೆ. ಆಮೇಲೆ ಅದರಲ್ಲಿ ಹಾಕಿದ ಗಂಟೂ ನಿಲ್ಲುವುದಿಲ್ಲ, ಹೊಲಿಗೆಯೂ ನಿಲ್ಲುವುದಿಲ್ಲ. ಹೀಗಾಗಿ ನಮ್ಮ ದರ್ಜಿಗಳು ರವಿಕೆಯ ಜೊತೆಗೆ ಮಿಕ್ಕ ಚೂರುಗಳನ್ನೆಲ್ಲ ಚೀಲದಲ್ಲಿ ಹಾಕಿ ಕೊಡಬೇಕು. ಒಬ್ಬ ದರ್ಜಿ ಮರೆತು ಒಂದು ಚೂರನ್ನು ಅಂಗಡಿಯಲ್ಲೇ ಉಳಿಸಿಕೊಂಡದ್ದರಿಂದ ಆ ರವಿಕೆ ತೊಟ್ಟ ಮದುಮಗಳು ಧಾರೆಯ ಹೊತ್ತಿನಲ್ಲೆಲ್ಲ ದರ್ಜಿಯ ಅಂಗಡಿಯ ಕಡೆಗೆ ವಾಲಿಕೊಂಡೇ ನಿಂತಿದ್ದಳು. ಬೀಗರು ಆಡಬಾರದ ಮಾತೆಲ್ಲ ಆಡಿದರು. ಕೊನೆಗೆ ಚೂರು ಸಿಕ್ಕಿತು, ಮದುವೆ ಉಳಿಯಿತು, ದರ್ಜಿ ಮಾತ್ರ ಊರು ಬಿಟ್ಟ.

ಊರು ಬಿಟ್ಟು ಹೊರಡುವವರ ಕೈಗೂ ಮನೆಯಲ್ಲಿ ಉಳಿಯುವವರ ಕೈಗೂ ಒಂದೇ ನೂಲಿನ ಎರಡು ತುಂಡು ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹೋದವರು ಯಾವ ದಿಕ್ಕಿನಲ್ಲಿದ್ದಾರೆಂದು ಮನೆಯವರಿಗೆ ತಿಳಿದಿರುತ್ತದೆ. ಆ ನೂಲು ಕೈಯಲ್ಲಿರುವಾಗಲೇ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡುವ ಮುಂಚೆ ಎರಡು ತುಂಡನ್ನೂ ಕೂಡಿಸಿ ದೀಪಕ್ಕೆ ಹಿಡಿದು ಸುಡಬೇಕು. ಸುಡದೆ ಬಿಟ್ಟರೆ ಹೋದ ಜೀವ ಮುಂದಕ್ಕೆ ಹೋಗಲಾರದೆ ನೂಲಿನ ಎಳೆತಕ್ಕೆ ಸಿಕ್ಕಿ ನಿಲ್ಲುತ್ತದೆ ಎಂಬುದು ನಂಬಿಕೆ. ಅದನ್ನು ನಮ್ಮ ತಂದೆ ನಂಬಿದ್ದರು, ನಾನೂ ನಂಬಿದವನು.

ನೀಲ ನನಗಿಂತ ಬಹಳ ಚಿಕ್ಕವಳು. ಅವ್ವ ಹೋದ ಮೇಲೆ ನನ್ನ ಬೆನ್ನ ಮೇಲೆ ಬೆಳೆದವಳು. ಓದುವ ಹುಚ್ಚು ಹತ್ತಿ ಊರೂರು ಸುತ್ತಿ ಓದಿ ಬಂದಳು. ಹಳೆಯ ಗೂಡಿನ ಮಾರುಕಟ್ಟೆಯ ಹಿಂದಿನ ಕೋಣೆಗಳನ್ನು ಕೇಳಿ ಪಡೆದು ಅಲ್ಲಿ ಪ್ರಯೋಗಶಾಲೆ ಮಾಡಿಕೊಂಡಳು. ಮದುವೆಯ ಮಾತೆತ್ತಿದರೆ, "ನಂಗೆ ಹುಳ ಸಾಕೋದೇ ಸಾಕಾಗಿದೆ ಅಣ್ಣ, ಗಂಡ ಬೇರೆ ಸಾಕ್ಲಾ?" ಎನ್ನುತ್ತಿದ್ದಳು. ಅವಳ ಕೆಲಸವನ್ನು ನಾನು ತಿಳಿದಷ್ಟು ಹೇಳುತ್ತೇನೆ. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಅಂಟು ತೆಗೆಯುವುದು. ಆ ಅಂಟು ಮೈಗೆ ಆಗುವುದಿಲ್ಲ, ಊತ ಬರಿಸುತ್ತದೆ. ಉಳಿದ ರೇಷ್ಮೆಯನ್ನು ಉಪ್ಪಿನಂಥದೊಂದು ಮದ್ದಿನ ನೀರಿನಲ್ಲಿ ಕರಗಿಸುವುದು. ಉಪ್ಪನ್ನು ತೊಳೆದು ತೆಗೆದು, ಆ ರೇಷ್ಮೆಯ ನೀರನ್ನು ಗಾಜಿನ ತಟ್ಟೆಗೆ ಹೊಯ್ದು ಒಣಗಿಸುವುದು. ಈರುಳ್ಳಿಯ ಒಳಗಿನ ಪೊರೆಯಷ್ಟು ತೆಳ್ಳಗಿನ ಹಾಳೆ ಏಳುತ್ತದೆ. ಅದನ್ನು ಗಾಯದ ಮೇಲಿಟ್ಟರೆ ಮೈ ಅದನ್ನು ಹೊರಗಿನದೆಂದು ತಳ್ಳುವುದಿಲ್ಲ. ಅದರ ಮೇಲೆ ತನ್ನ ಮಾಂಸ ಹಬ್ಬಿಸಿಕೊಂಡು, ಕೆಲಸ ಮುಗಿದ ಮೇಲೆ ನಿಧಾನವಾಗಿ ಅದನ್ನು ಕರಗಿಸಿಕೊಳ್ಳುತ್ತದೆ. "ಊರುಗೋಲು ತಾನೇ ಕರಗಿ ಕಾಲಾಗ್ಬಿಡುತ್ತೆ ಅಣ್ಣ" ಎಂದು ಅವಳು ಹೇಳಿದ್ದು ನೆನಪಿದೆ.

ಮೊದಲ ಹಾಳೆ ಹರಿಯದೆ ಎದ್ದ ದಿನ ಅವಳು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಕಾವಲುಗಾರನ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿ ಓಡಿ ಬಂದಳು. ತಲೆ ನರೆಯಲು ಶುರುವಾಗಿದ್ದ ಹೆಂಗಸು ಹಾಗೆ ಓಡಿದ್ದನ್ನು ಊರೇ ನೋಡಿತು. ಗಿರಾಕಿಗಳ ನಡುವೆ ನುಗ್ಗಿ ಹಾಳೆಯನ್ನು ಬೆಳಕಿಗೆ ಹಿಡಿದಳು. ಅದರೊಳಗಿನಿಂದ ಬೀದಿ, ಹೂವಿನವಳು, ಎತ್ತಿನ ಗಾಡಿ ಎಲ್ಲ ನಿಚ್ಚಳವಾಗಿ ಕಂಡವು. ಆ ಹೊತ್ತಿನ ಅವಳ ಮುಖವನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಎದೆ ಹಾರುತ್ತದೆ.

ಆ ಹಾಳೆ ಮೊದಲು ಕೂತದ್ದು ಜೈತೂನ್ ಬಿಯ ಅಂಗೈ ಮೇಲೆ. ರಾಟೆಯ ಪಟ್ಟಿ ಅವಳ ಅಂಗೈಯನ್ನು ಅಡ್ಡಕ್ಕೆ ಸೀಳಿತ್ತು. ಹೊಲಿದರೂ ಗಾಯ ಕೂಡದೆ ಬಾಯಿ ಬಿಟ್ಟುಕೊಂಡೇ ಇತ್ತು. ಕೈ ಹೋದರೆ ಅವಳಿಗೆ ಕಸುಬು ಹೋದಂತೆ. ನೀಲ ಆಸ್ಪತ್ರೆಯಲ್ಲಿ ಹಾಳೆಯ ಒಂದು ತುಂಡು ಕತ್ತರಿಸಿ ಇಟ್ಟು, ಮಿಕ್ಕದ್ದನ್ನು ಪ್ರಯೋಗಶಾಲೆಯ ಕಪಾಟಿನಲ್ಲಿ ಮುಚ್ಚಿಟ್ಟು ಮನೆಗೆ ಬಂದು ಮಲಗಿದಳು. ಬೆಳಗಾದಾಗ ಜೈತೂನ್ ಬಿ ಹಾಸಿಗೆಯಲ್ಲಿರಲಿಲ್ಲ. ಕೈಯನ್ನು ಮುಂದಕ್ಕೆ ಚಾಚಿಕೊಂಡು, ಕೈ ಎಳೆದತ್ತ ತಾನು ನಡೆದು, ಗೂಡಿನ ಮಾರುಕಟ್ಟೆಯ ಗೋಡೆಗೆ ಅಂಗೈ ಆನಿಸಿ ನಿಂತಿದ್ದಳು. "ನೀಲಮ್ಮಾರೇ, ನಿಮ್ ಕಪಾಟು ನನ್ ಗಂಡನಿಗಿಂತ ಜೋರಾಗಿ ಕರೀತೈತೆ, ಬಾಗ್ಲು ತೆಗೀರಿ" ಎಂದಳು. ಹಸುಗೂಸಿಗೂ ಗೊತ್ತಿರುವ ಸಂಗತಿಯಲ್ಲಿ ನೀಲ ತಪ್ಪಿದ್ದಳು. ರೇಷ್ಮೆ ಕರಗಿ ನೀರಾದ ಮೇಲೆ ಅದಕ್ಕೆ ಜೋಡಿಯ ನೆನಪು ಉಳಿಯುವುದಿಲ್ಲ ಎಂದುಕೊಂಡಿದ್ದಳು. ತಪ್ಪು ತಿಳಿದೊಡನೆ ಅವಳು ನಾಚಲಿಲ್ಲ, ಕುಣಿದಳು. ಮಿಕ್ಕ ಹಾಳೆಯನ್ನು ತಂದು ಎರಡು ಮಾಡಿ ಗಾಯದ ಈ ಅಂಚಿಗೊಂದು, ಆ ಅಂಚಿಗೊಂದು ಕೂರಿಸಿದಳು. ನಾವು ನೋಡನೋಡುತ್ತಿದ್ದಂತೆ ಎರಡು ಅಂಚೂ ಒಂದನ್ನೊಂದು ಹುಡುಕಿಕೊಂಡು ಹತ್ತಿರ ಬಂದವು. ಜೈತೂನ್ ಬಿ ಉಸಿರು ಬಿಗಿಹಿಡಿದಿದ್ದಳು. ನಾನು ಶಿವನಾಮ ಹೇಳುತ್ತಿದ್ದೆ. ಆ ಬೆಳೆಯ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಏರುವ ಹೊತ್ತಿಗೆ ಅವಳು ಮತ್ತೆ ರಾಟೆಯ ಮುಂದೆ ಕೂತಿದ್ದಳು.

ಸುದ್ದಿ ಬೆಟ್ಟ ದಾಟಿತು. ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಓಬಳೇಶನೆಂಬ ಕೊಳವೆಬಾವಿ ತೋಡುವವನೊಬ್ಬ ಹೊಟ್ಟೆ ಸೀಳಿಹೋಗಿ ಮಲಗಿದ್ದ. ಯಂತ್ರದ ಉಕ್ಕಿನ ಹಗ್ಗ ತುಂಡಾಗಿ ಬಡಿದಿತ್ತು. ಯಾವ ಹೊಲಿಗೆಯೂ ನಿಲ್ಲುತ್ತಿಲ್ಲ, ನೀವು ಬರುತ್ತೀರಾ ಎಂದು ಅಲ್ಲಿಯ ವೈದ್ಯರು ಕೇಳಿದರು. ನೀಲ ಅದೇ ದಿನ ಹೊರಟು ನಿಂತಳು. ತನ್ನ ಅಂಗೈಯನ್ನು ನೋಡಿದರೆ ಅವನಿಗೆ ಧೈರ್ಯ ಬರುತ್ತದೆಂದು ಜೈತೂನ್ ಬಿಯೂ ಹೊರಟಳು. ನಾನು ಹೊಸ ನೂಲು ಕತ್ತರಿಸಿ ಒಂದನ್ನು ತಂಗಿಯ ಕೈಗೆ ಕಟ್ಟಿದೆ. ಇನ್ನೊಂದನ್ನು ಅವಳು ನನ್ನ ಕೈಗೆ ಕಟ್ಟಿದಳು. "ಗಂಟು ಇಷ್ಟು ಬಿಗಿನಾ?" ಎಂದೆ. "ಬಿಚ್ಚದೆ ಇರ್ಲಿ ಅಂತ" ಎಂದಳು. ಅದೇ ಅವಳು ನನ್ನೊಡನೆ ಆಡಿದ ಕಡೆಯ ಮಾತು.

ಸುದ್ದಿ ಬಂದ ದಿನ ಸಂಜೆ ಅವಳ ದೇಹ ಹೊತ್ತ ವಾಹನ ಬೆಟ್ಟ ಇಳಿದು ಊರಿಗೆ ಬಂತು. ಬೀದಿಯ ತುದಿಯಲ್ಲಿ ಅದು ಕಂಡಾಗ ನಾನು ಕೈ ನೋಡಿಕೊಂಡೆ. ವಾಹನ ನನ್ನ ಎಡಕ್ಕೆ ಬಂದು ನಿಂತಿತು. ನೂಲು ಅದರ ಕಡೆಗೆ ತಿರುಗಲಿಲ್ಲ. ತಂಗಿ ನನ್ನ ಎಡಗಡೆ ಮಲಗಿದ್ದಾಳೆ, ನೂಲು ಇನ್ನೂ ಪೂರ್ವಕ್ಕೆ ಎಳೆಯುತ್ತಿದೆ. ಬಟ್ಟೆ ಸರಿಸಿ ಅವಳ ಕೈ ಎತ್ತಿ ನೋಡಿದೆ. ಮಣಿಕಟ್ಟು ಬರಿದಾಗಿತ್ತು.

ಮಠದ ಮರುಳಯ್ಯನವರು ಶಾಸ್ತ್ರಕ್ಕೆ ಸಿದ್ಧರಾಗಿ ದೀಪ ಹಿಡಿದು ನಿಂತಿದ್ದರು. ನೂಲೆಲ್ಲಿ ಎಂದು ಅವರು ಕೇಳಿದಾಗ ಜೈತೂನ್ ಬಿ ಮುಂದೆ ಬಂದು ಎಲ್ಲವನ್ನೂ ಹೇಳಿದಳು. ಓಬಳೇಶನ ಹೊಟ್ಟೆಯ ಗಾಯ ತುದಿಯವರೆಗೂ ಚೆನ್ನಾಗಿ ಕೂಡಿತಂತೆ. ತುದಿಯಲ್ಲಿ ಎರಡು ಬೆರಳಿನಷ್ಟು ಜಾಗಕ್ಕೆ ಹಾಳೆ ಸಾಲದೆ ಬಂತು. ರಕ್ತ ಉಕ್ಕುತ್ತಿತ್ತು. ವೈದ್ಯರು ಇನ್ನು ಆಗುವುದಿಲ್ಲವೆಂದು ಕೈ ಹಿಂದಕ್ಕೆ ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಜೈತೂನ್ ಬಿಯ ಹತ್ತಿರ ನೀಲ ಓಡಿ ಬಂದು, ತನ್ನ ಕೈಯ ಗಂಟನ್ನು ಹಲ್ಲಿನಿಂದ ಬಿಚ್ಚಿಸಿಕೊಂಡು, ನೂಲನ್ನು ಕುದಿಸಿ, ಅದರಿಂದಲೇ ಆ ಜಾಗವನ್ನು ಹೊಲಿದಳು. "ಜೋಡಿ ಬಿಟ್ಟಿರೋ ನೂಲು ನೀಲಮ್ಮಾರೇ, ಆ ಕಡೆ ಕೈ ಬಿಟ್ರೆ ಈ ಕಡೆ ಬಿಚ್ಚುತ್ತೆ ಅಂದೆ" ಎಂದು ಜೈತೂನ್ ಬಿ ಹೇಳಿದಳು. "ಅದಕ್ಕವರು, 'ಆ ಕಡೆ ಅಣ್ಣ ಇದಾನೆ, ಬಿಡಲ್ಲ' ಅಂದ್ರು." ರೋಗಿ ಬೆಳಗಿನ ಜಾವ ಕಣ್ಣು ಬಿಟ್ಟ. ನೀಲ ಅದನ್ನು ನೋಡಿ, ನಕ್ಕು, ಹೊರಗೆ ಬೆಂಚಿನ ಮೇಲೆ ಕೂತು ಟೀ ಕೇಳಿದಳು.

ಈಗ ನನ್ನ ಸಂಕಟ ಏನೆಂಬುದನ್ನು ಓದುವವರು ಊಹಿಸಬಹುದು. ನೂಲನ್ನು ಸುಡದಿದ್ದರೆ ತಂಗಿಯ ಜೀವಕ್ಕೆ ಬಿಡುಗಡೆಯಿಲ್ಲ. ಸುಟ್ಟರೆ ಬೆಟ್ಟದ ಆಚೆ ನಾನು ಮುಖವನ್ನೂ ಕಾಣದ ಒಬ್ಬನ ಹೊಟ್ಟೆಯ ಹೊಲಿಗೆ ಸಡಿಲವಾಗುತ್ತದೆ. ಮರುಳಯ್ಯನವರು ಕಠಿಣ ಮನುಷ್ಯರಲ್ಲ. ನೀಲಳಿಗೆ ಅಕ್ಷರಾಭ್ಯಾಸ ಮಾಡಿಸಿದವರೇ ಅವರು. ಕಣ್ಣೊರೆಸಿಕೊಂಡು, "ಶಂಭುಲಿಂಗ, ಜೋಡಿ ಸಿಗದಿದ್ರೆ ಒಂದನ್ನಾದ್ರೂ ಸುಡು. ನೂಲು ಎಳೀತಾ ಇರೋವಾಗ ಮಣ್ಣು ಹಾಕಿದ್ರೆ ಆ ಮಗು ಎತ್ತ ಹೋಗ್ಬೇಕಪ್ಪ?" ಎಂದರು. ಅವರ ಮಾತು ನನ್ನ ಮಾತೇ ಆಗಿತ್ತು. ದೀಪದ ಹತ್ತಿರಕ್ಕೆ ಕೈ ಒಯ್ದೆ. ಶಾಖ ತಾಗಿ ನೂಲಿನ ತುದಿ ಮುರುಟಿತು.

ಆಗ ಜೈತೂನ್ ಬಿ ತನ್ನ ಅಂಗೈಯನ್ನು ದೀಪಕ್ಕೂ ನನ್ನ ಕೈಗೂ ನಡುವೆ ಚಾಚಿದಳು. ಗಾಯ ಕೂಡಿದ ಜಾಗ ಒಂದು ಬಿಳಿಯ ಗೆರೆಯಾಗಿ ಕಂಡಿತು. "ಸುಡ್ಬೇಕು ಅಂದ್ರೆ ಸುಡಿ ಯಜಮಾನ್ರೇ, ನಾನ್ಯಾರು ಬೇಡ ಅನ್ನೋಕೆ. ಆದ್ರೆ ಅವನ ಹೆಂಡ್ತಿಗೆ ನೀವೇ ಫೋನ್ ಮಾಡಿ ಹೇಳ್ಬಿಡಿ. ನನ್ನ ಕೈಲಾಗಲ್ಲ." ನಾನು ಕೈ ಹಿಂದಕ್ಕೆ ತೆಗೆದೆ. ನಮ್ಮ ಮನೆತನದಲ್ಲಿ ಮೊದಲ ಬಾರಿಗೆ, ಶಾಸ್ತ್ರ ಅರ್ಧಕ್ಕೆ ನಿಂತು ಒಂದು ದೇಹ ಮಣ್ಣಿಗೆ ಹೋಯಿತು. ಮರುಳಯ್ಯನವರು ಮಂತ್ರವನ್ನು ಪೂರ್ತಿ ಹೇಳಿದರು, ದೀಪವನ್ನು ಮಾತ್ರ ಆರಿಸದೆ ಹಾಗೆಯೇ ಮಠಕ್ಕೆ ಒಯ್ದರು. "ಎಣ್ಣೆ ಹಾಕ್ತಾ ಇರ್ತೀನಿ. ನಿನ್ನ ಕೆಲಸ ಮುಗಿದ ದಿನ ಬಾ" ಎಂದರು.

ಮೊದಲು ಭಯವಿತ್ತು. ತಂಗಿ ಎಲ್ಲೋ ನಡುದಾರಿಯಲ್ಲಿ ನಿಂತಿದ್ದಾಳೆಂದು ಎಣಿಸಿ ಅನ್ನ ಸೇರುತ್ತಿರಲಿಲ್ಲ. ಪೂಜೆಗೆ ಕೂತರೆ ಕೈ ಪೂರ್ವಕ್ಕೆ ಎಳೆಯುತ್ತಿತ್ತು. ಬಿಲ್ವಪತ್ರೆ ಲಿಂಗದ ಮೇಲೆ ಬೀಳದೆ ಪಕ್ಕಕ್ಕೆ ಬೀಳುತ್ತಿತ್ತು. ಆದರೆ ದಿನ ಕಳೆದಂತೆ ಆ ಎಳೆತದೊಳಗೆ ಒಬ್ಬ ಮನುಷ್ಯನಿದ್ದಾನೆ ಎಂಬುದು ನನಗೆ ತಿಳಿಯತೊಡಗಿತು. ಅವನು ಮಗ್ಗುಲಾದರೆ ನೂಲು ಸ್ವಲ್ಪ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಅದು ನಡುಗಲು ಶುರುವಾಗಿ ನಿಲ್ಲಲೇ ಇಲ್ಲ. ಗಾಬರಿಯಾಗಿ ಆಸ್ಪತ್ರೆಗೆ ಫೋನು ಮಾಡಿಸಿದೆ. ದಾದಿ ಕೇಳಿಕೊಂಡು ಬಂದು, ಪಕ್ಕದ ಹಾಸಿಗೆಯವನು ಏನೋ ತಮಾಷೆ ಹೇಳಿದ್ದಾನೆ, ನಿಮ್ಮವನು ನಗುತ್ತಿದ್ದಾನೆ, ನಗಬೇಡವೆಂದು ಗದರಿಸಿ ಬಂದೆ ಎಂದಳು. ಅವನು ಯಾವಾಗಲೂ ಹೊಟ್ಟೆಯನ್ನು ಪಡುವಣಕ್ಕೆ ಮಾಡಿಯೇ ಮಲಗುತ್ತಾನೆಂದೂ, ಎಷ್ಟು ಸರಿಪಡಿಸಿದರೂ ಮತ್ತೆ ತಿರುಗುತ್ತಾನೆಂದೂ ಹೇಳಿದಳು. ನಾನು ಅಂಗಡಿಯಲ್ಲಿ ಒಬ್ಬನೇ ಕೂತು ನಕ್ಕೆ. ತಂಗಿ ಹೋದ ಮೇಲೆ ನಕ್ಕದ್ದು ಅದೇ ಮೊದಲು.

ಆಮೇಲೆ ಊರಿಗೇ ಅದು ಹಬ್ಬವಾಯಿತು. ಹುಳುವಿಗೆ ಸೊಪ್ಪು ಹೊತ್ತು ಹೋಗುವವರು ಅಂಗಡಿಯ ಮುಂದೆ ನಿಂತು, "ಇವತ್ತು ಹೆಂಗೈತೆ ನಿಮ್ಮ ಓಬಳೇಶ?" ಎಂದು ಕೇಳಿ ನೂಲು ನೋಡಿ ಹೋಗುತ್ತಿದ್ದರು. ಗೂಡಿನ ವ್ಯಾಪಾರಿಗಳು ಹರಾಜು ಮುಗಿಸಿ ನೇರ ನನ್ನಲ್ಲಿಗೆ ಬರುತ್ತಿದ್ದರು. ಅವನ ಹೊಲಿಗೆ ಜಗ್ಗದಿರಲೆಂದು ನಾನು ನೆಟ್ಟಗೆ ನಡೆಯಬೇಕು, ಓಡಬಾರದು, ಮೆಟ್ಟಿಲು ಧಡಧಡ ಇಳಿಯಬಾರದು ಎಂದು ಜೈತೂನ್ ಬಿ ಕಟ್ಟಪ್ಪಣೆ ಮಾಡಿದ್ದಳು. ನನಗೆ ಕೆಮ್ಮು ಬಂದರೆ ಬೀದಿಯೇ ಗದರುತ್ತಿತ್ತು. ಮಠದಿಂದ ಮರುಳಯ್ಯನವರು ದಿನವೂ ಬಂದು, ಕನ್ನಡಕ ಮೇಲೆತ್ತಿ ನೂಲನ್ನು ನೋಡಿ, "ಇಳೀತಿದೆ ಕಣಯ್ಯ, ಇಳೀತಿದೆ" ಎನ್ನುತ್ತಿದ್ದರು. ಎಳೆತ ನಿಜವಾಗಿಯೂ ಇಳಿಯುತ್ತಿತ್ತು. ಕಡ್ಡಿಯಂತೆ ನಿಂತಿದ್ದ ತುದಿ ಬಾಗಿತು. ಮುಂದಿನ ಬೆಳೆಯ ಹುಳು ಸೊಪ್ಪು ತಿನ್ನುವಾಗ ಅದು ಗಾಳಿಗೆ ಆಡುವಷ್ಟು ಮೃದುವಾಯಿತು. ಅವನ ಮೈ ಮಾಂಸ ಬೆಳೆಸಿಕೊಂಡು ನನ್ನ ತಂಗಿಯ ನೂಲನ್ನು ಎಳೆ ಎಳೆಯಾಗಿ ಕರಗಿಸಿಕೊಳ್ಳುತ್ತಿತ್ತು. ಇದೇ ಅಲ್ಲವೆ ಅವಳು ಬೆಳಕಿಗೆ ಹಿಡಿದು ತೋರಿಸಿದ್ದು ಎಂದು ಪ್ರತಿ ಮುಂಜಾನೆ ಎದ್ದೊಡನೆ ಕೈ ನೋಡಿಕೊಳ್ಳುವಾಗ ನನಗೆ ಮದುವೆಮನೆಯ ಸಂಭ್ರಮವಾಗುತ್ತಿತ್ತು.

ಒಂದು ದಿನ ಪೂಜೆಗೆ ಕೂತಾಗ ಬಿಲ್ವಪತ್ರೆ ನೇರ ಲಿಂಗದ ಮೇಲೆ ಬಿತ್ತು. ನೂಲು ಮಣಿಕಟ್ಟಿನಿಂದ ಜೋತುಬಿದ್ದಿತ್ತು. ಗಂಟು ತಾನೇ ಸಡಿಲಗೊಂಡು ಅದು ನನ್ನ ತೊಡೆಯ ಮೇಲೆ ಬಿತ್ತು. ಮೊದಲು ಹಿಗ್ಗಿದೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಕರಗಿ ಮುಗಿದ ನೂಲಿನ ಜೋಡಿಯೂ ಹೀಗೇ ಬೀಳುತ್ತದೆ, ಸುಟ್ಟ ನೂಲಿನ ಜೋಡಿಯೂ ಹೀಗೇ ಬೀಳುತ್ತದೆ. ಅವನ ಜನ ಸತ್ತವರನ್ನು ಸುಡುವವರೋ ಹೂಳುವವರೋ ನಾನು ಕೇಳಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ. ಹೊಸ ದಾದಿಯೊಬ್ಬಳು, ಆ ಹಾಸಿಗೆ ಖಾಲಿಯಿದೆ, ಹೆಚ್ಚಿನದೇನೂ ತನಗೆ ತಿಳಿಯದು ಎಂದಳು. ಅಂದು ಅಂಗಡಿ ತೆರೆದೆ, ಯಾವ ಸೀರೆಯನ್ನೂ ಬಿಚ್ಚಲಿಲ್ಲ. ಜೈತೂನ್ ಬಿ ರಾಟೆ ನಿಲ್ಲಿಸಿ ಬಂದು ಮೆಟ್ಟಿಲ ಮೇಲೆ ಕೂತಳು. ಮರುಳಯ್ಯನವರು ಬಂದು ಅವಳ ಪಕ್ಕದಲ್ಲೇ ಕೂತರು. ನೂಲನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟುಕೊಂಡು ನಾನು ಸುಮ್ಮನೆ ಬೆಟ್ಟದ ರಸ್ತೆಯನ್ನು ನೋಡುತ್ತಿದ್ದೆ.

ಮಧ್ಯಾಹ್ನದ ಬಸ್ಸಿನಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಇಳಿದರು. ಗಂಡಸು ಯಾರನ್ನೂ ದಾರಿ ಕೇಳಲಿಲ್ಲ. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಹಳೆಯ ಪರಿಚಯದ ದಾರಿಯಲ್ಲಿ ಬರುವವನಂತೆ ನೇರ ನಮ್ಮ ಬೀದಿಗೆ ತಿರುಗಿದ. ಜೈತೂನ್ ಬಿ ಎದ್ದು ನಿಂತು ತನ್ನ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಅವನು ಅಂಗಡಿಯ ಮುಂದೆ ಬಂದು ನನ್ನ ಬರಿದಾದ ಮಣಿಕಟ್ಟನ್ನೂ ಮುಖವನ್ನೂ ನೋಡಿದ. "ಇಷ್ಟು ದಿನ ಎತ್ತ ಎಳೀತಿತ್ತೋ ಅತ್ತಲೇ ಬಂದ್ನಿ ಸಾಮಿ. ಬೆಟ್ಟದ ಮೇಲೆ ಬಸ್ಸು ಬರೋವಾಗ ನಿಂತೋಯ್ತು. ನಿಮಗೂ ನಿಂತೋಯ್ತಾ?" ಎಂದ. ನಾನು ಗಲ್ಲಾಪೆಟ್ಟಿಗೆಯ ಮೇಲಿನ ನೂಲನ್ನು ತೋರಿಸಿದೆ. ಅವನು ಅಂಗಿ ಎತ್ತಿದ. ಉದ್ದದ ಗಾಯ ತುದಿಯವರೆಗೂ ಕೂಡಿತ್ತು. ತುದಿಯ ಎರಡು ಬೆರಳಿನಷ್ಟು ಜಾಗದಲ್ಲಿ ಹೊಸ ಚರ್ಮ ಎಳೆ ಮಾವಿನ ಚಿಗುರಿನ ಬಣ್ಣಕ್ಕಿತ್ತು. ನಾನು ಅಲ್ಲಿ ಬೆರಳಿಟ್ಟೆ. ಬೆಚ್ಚಗಿತ್ತು. ತಂಗಿ ಸತ್ತ ಸುದ್ದಿ ಬಂದಾಗ ಬಾರದಿದ್ದ ಅಳು ಆಗ ಬಂತು.

ಮರುಳಯ್ಯನವರು ಎದ್ದು ಮಠಕ್ಕೆ ಹೋಗಿ, ಆರದೆ ಉಳಿದಿದ್ದ ದೀಪಕ್ಕೆ ಶಲ್ಯವನ್ನು ಸೆರಗಿನಂತೆ ಮರೆ ಹಿಡಿದು ತಂದರು. ನಾವೆಲ್ಲರೂ ನೀಲಳ ಸಮಾಧಿಗೆ ನಡೆದೆವು. ದಾರಿಯಲ್ಲಿ ಜನ ಸೇರುತ್ತಾ ಹೋದರು. ಓಬಳೇಶನ ಹೆಂಡತಿ ಸಮಾಧಿಯ ಮಣ್ಣಿಗೆ ಹಣೆ ಹಚ್ಚಿದಳು. ನಾನು ಜೋತುಬಿದ್ದ ನೂಲನ್ನು ಜ್ವಾಲೆಗೆ ಹಿಡಿದೆ. ಅದು ಒಂದು ಹನಿ ಬೆಳಕಾಗಿ ಮುಗಿಯಿತು. ಅವಳ ತುಂಡನ್ನು ಕೂಡಿಸಿ ಸುಡಲು ಆಗಲಿಲ್ಲ. ಅದು ಪಕ್ಕದಲ್ಲಿ ನಿಂತು ಉಸಿರಾಡುತ್ತಿತ್ತು.

ಶಿವನೇ, ನನ್ನ ತಂಗಿಯನ್ನು ದಾರಿಯಲ್ಲಿ ಇಷ್ಟು ಕಾಲ ನಿಲ್ಲಿಸಿಕೊಂಡದ್ದು ನಾನು. ಅದು ತಪ್ಪಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕಿಕೋ, ಅವಳದಕ್ಕೆ ಬೇಡ. ಅವಳು ಬಿಸಿನೀರಿಗೆ ಹಾಕಿದ ಹುಳುಗಳ ಜೀವಗಳೂ ನಿನ್ನ ಬಳಿಯೇ ಇವೆ. ಅವುಗಳಿಗೂ ಶಾಂತಿಯಿರಲಿ, ಅವು ಅವಳನ್ನು ಮನ್ನಿಸಲಿ. ಈಗ ಅವಳನ್ನು ಈ ಕಡೆಯಿಂದ ಎಳೆಯುವ ಎಳೆ ಒಂದೂ ಇಲ್ಲ. ಚಪ್ಪಲಿ ಅದಲುಬದಲಾಗಿದ್ದರೂ ನಗದೆ ಬರಮಾಡಿಕೋ ತಂದೆ, ಅವಳು ಓಡಿಯೇ ಬರುತ್ತಾಳೆ. ನಿನ್ನ ಮಡಿಲಲ್ಲಿ ಅವಳಿಗೆ ನೆಮ್ಮದಿಯ ನಿದ್ದೆ ಕೊಡು.